ಮರಳಿ ಬಂದ ಮಗ, ಹೊರಟು ನಿಂತ ಮನೆ



ದೂರ ಹೋದ ಮಗನು ಮನೆಗೆ ಮರಳಿದನೆಂದರೆ ಆ ಮನೆಗೆ ಅದೇ ಹಬ್ಬ. ಆದರೆ ಮಗನು ಮರಳಿ ಬಂದನೆಂಬ ಸಂತೋಷಕ್ಕಾಗಿಯೇ ಮನೆಮಂದಿಯೆಲ್ಲ ಪೆಟ್ಟಿಗೆ ಕಟ್ಟಿಕೊಂಡು ಪರದೇಶಕ್ಕೆ ಹೊರಟು ನಿಂತರೆ ಅದನ್ನು ಏನೆಂದು ಕರೆಯೋಣ? ಭೋಗವೆನ್ನೋಣವೇ, ಯಾತ್ರೆಯೆನ್ನೋಣವೇ? ಇದು ಕೆಲವರಿಗೆ ಹುಡುಗಾಟದ ಪ್ರಶ್ನೆಯಂತೆ ತೋರಬಹುದು. ಶ್ರೀಮಠಕ್ಕೆ ಬರುವ ಭಕ್ತರ ಮನೆಗಳಲ್ಲಿ ಈಗ ಇದು ಹುಡುಗಾಟವಾಗಿ ಉಳಿದಿಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಅನೇಕ ಮನೆಗಳ ಮಕ್ಕಳು ಕಡಲಾಚೆ ದುಡಿಯುತ್ತಿದ್ದಾರೆ. ಅವರಲ್ಲಿ ಕೆಲವರು ತಿರುಗಿ ಬರುತ್ತಿದ್ದಾರೆ. ಹಾಗೆ ಬಂದವರೊಡನೆ ಈ ಪ್ರಶ್ನೆಯೂ ಬಂದಿದೆ.

2024ನೆಯ ಇಸವಿಯ ಕಾರ್ತೀಕ ಮಾಸದಲ್ಲಿ ಜಮಖಂಡಿ ತಾಲೂಕಿನ ಒಂದು ರೈತ ಮನೆತನದವರು ದರ್ಶನಕ್ಕೆ ಬಂದಿದ್ದರು. ಒಂಬತ್ತು ವರ್ಷ ಲಂಡನ್ನಿನಲ್ಲಿ ಕೆಲಸ ಮಾಡಿದ ಹಿರಿಯ ಮಗ, ಇನ್ನು ಊರಿನಲ್ಲಿಯೇ ಇರುವೆನೆಂದು ನಿಶ್ಚಯಿಸಿ ಬಂದಿದ್ದ. ತಂದೆ, ತಾಯಿ, ಕಾಲೇಜಿನಲ್ಲಿ ಓದುವ ತಂಗಿ, ಮೂವರೂ ಜೊತೆಗಿದ್ದರು. ಪ್ರಸಾದ ಸ್ವೀಕರಿಸಿದ ಮೇಲೆ ತಂದೆ ತುಸು ಸಂಕೋಚದಿಂದ ವಿಷಯ ತೆಗೆದರು. ಡಿಸೆಂಬರ್ 21ಕ್ಕೆ ಹೊರಟು ಹೊಸ ವರ್ಷದ ಎರಡನೆಯ ದಿನ ತಿರುಗುವಂತೆ ಎಲ್ಲರೂ ಲಂಡನ್ನಿಗೆ ಹೋಗುವುದೆಂದು ಮಗ ಟಿಕೀಟು ತೆಗೆಸಿದ್ದಾನೆ. “ಅಜ್ಜಾರ, ನಾವು ಹೋಗೂದು ತಪ್ಪೇನ್ರಿ?” ಎಂದು ಕೇಳಿದರು.

ನಾವು ಪಂಚಾಂಗವನ್ನು ತೆರೆದು ನೋಡಿದೆವು. ಆ ವರ್ಷ ಎಳ್ಳಮಾವಾಸ್ಯೆ ಡಿಸೆಂಬರ್ 30ರ ಸೋಮವಾರ ಬಂದಿತ್ತು. ನಮ್ಮ ಸೀಮೆಯಲ್ಲಿ ವರ್ಷಾಂತ್ಯದ ಕುಟುಂಬ ವಿಹಾರವೆಂಬುದು ಹೊಸದಾಗಿ ಹುಟ್ಟಿದ್ದಲ್ಲ ಎಂಬುದನ್ನು ವಾಚಕರು ಇಲ್ಲಿ ನೆನೆಯಬೇಕು. ಎಳ್ಳಮಾವಾಸ್ಯೆಯೆಂದರೆ ಅದೇ. ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾ ಹೋಳಿಗೆ, ಬದನೆಯ ಎಣ್ಣೆಗಾಯಿ, ಪುಂಡಿಪಲ್ಯೆ, ಮೊಸರನ್ನಗಳ ಬುತ್ತಿ ಕಟ್ಟಿಕೊಂಡು, ಮಕ್ಕಳು ಮುದುಕರಾದಿಯಾಗಿ ಇಡೀ ಮನೆ ಬಂಡಿಯಲ್ಲಿಯೋ ಟ್ರ್ಯಾಕ್ಟರಿನಲ್ಲಿಯೋ ಹೊಲಕ್ಕೆ ಹೋಗುತ್ತದೆ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪೂಜಿಸಿ, ಎದೆಯುದ್ದ ಬೆಳೆದ ಬಿಳಿಜೋಳದ ನಡುವೆ ಭೂತಾಯಿಗೆ ಚರಗ ಚೆಲ್ಲಿ, ಆಮೇಲೆ ಉಣ್ಣುತ್ತದೆ. ಈ ಊಟದ ವಿಶೇಷವೇನೆಂದರೆ ಅದನ್ನು ಮನೆಯವರಷ್ಟೇ ಉಣ್ಣುವಂತಿಲ್ಲ. ಹೊಲವಿಲ್ಲದವರನ್ನು ಕರೆಯಬೇಕು, ಆಳುಮಕ್ಕಳನ್ನು ಕರೆಯಬೇಕು, ದಾರಿಯಲ್ಲಿ ಹೋಗುವವನನ್ನೂ ಕೂಗಿ ಕರೆಯಬೇಕು. ಅದೇ ದಿನಗಳಲ್ಲಿ ನಮ್ಮ ಹೊಲಗಳಲ್ಲಿ ಇನ್ನೊಂದು ಬಗೆಯ ಕುಟುಂಬ ಪ್ರವಾಸವೂ ನಡೆದಿರುತ್ತದೆ. ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ನಮ್ಮವೇ ತಾಂಡಾಗಳಿಂದಲೂ ಕಬ್ಬು ಕಡಿಯುವ ಗ್ಯಾಂಗಿನವರು ಹೆಂಡತಿ ಮಕ್ಕಳ ಸಮೇತ ಬಂದು, ಹೊಲದಂಚಿಗೆ ಗುಡಿಸಲು ಹಾಕಿಕೊಂಡು, ಕಾರ್ಖಾನೆಗಳ ಹಂಗಾಮು ಮುಗಿಯುವವರೆಗೆ ಅಲ್ಲಿಯೇ ಇರುತ್ತಾರೆ. ಅವರ ಪ್ರವಾಸಕ್ಕೆ ಯಾರೂ ಟಿಕೀಟು ತೆಗೆಸುವುದಿಲ್ಲ.

ಹೀಗೆಲ್ಲ ಯೋಚಿಸಿ, “ಹೊಲದಲ್ಲಿ ಚರಗ ಚೆಲ್ಲುವವರು ಯಾರು? ನಿಮ್ಮ ಮುದುಕಿ ಎಲ್ಲಿರುತ್ತಾಳೆ?” ಎಂದು ಕೇಳಿದೆವು. ಯಜಮಾನರು ತಲೆ ತಗ್ಗಿಸಿದರು. ಅವರ ತಾಯಿ ಎಂಬತ್ತನ್ನು ದಾಟಿದವರು. ಆ ಚಳಿಗೆ ಅವರನ್ನು ಕರೆದುಕೊಂಡು ಹೋಗುವಂತಿರಲಿಲ್ಲ. ಮನೆ ಕಾಯಲು ಬಿಟ್ಟು ಹೋಗುವ ಯೋಚನೆಯಿತ್ತು. ಆ ಹಿರಿಯ ಜೀವವನ್ನು ನಾವು ಬಲ್ಲೆವು. 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಕೃಷ್ಣೆಗೆ ರೈತರು ತಾವೇ ಹಣ ಕೂಡಿಸಿ, ತಾವೇ ಮೈಮುರಿದು ದುಡಿದು ಬ್ಯಾರೇಜು ಕಟ್ಟಿದರಲ್ಲವೇ? ಸರಕಾರದ ಹಾದಿ ಕಾಯದೆ ಸಿದ್ದು ನ್ಯಾಮಗೌಡರಂಥವರ ಮುಂದಾಳುತನದಲ್ಲಿ ನಡೆದ ಆ ಕೆಲಸದಲ್ಲಿ ಗಂಡನೊಡನೆ ಕಲ್ಲು ಹೊತ್ತವರಲ್ಲಿ ಇವರೂ ಒಬ್ಬರು. ಆ ನೀರು ಬಂದುದರಿಂದ ಒಣಭೂಮಿ ಕಬ್ಬು ಕಂಡಿತು. ಕಬ್ಬಿನ ಬಿಲ್ಲಿನಿಂದ ಮೊಮ್ಮಗನ ಶಾಲೆ, ಕಾಲೇಜು, ಕೊನೆಗೆ ವಿಲಾಯತಿಯ ವಿದ್ಯೆ. ಟಿಕೀಟಿನ ಹಣ ತನ್ನ ಸಂಬಳದ್ದೆಂದು ಹುಡುಗ ತಿಳಿದಿರಬಹುದು. ಅದರ ಬೇರು ಹಿಡಿದು ಹೋದರೆ ಮುದುಕಿಯ ತಲೆಯ ಮೇಲಿನ ಸಿಂಬೆ ಸಿಗುತ್ತದೆ.

ಹುಡುಗ ಜಾಣ, ವಿನಯವಂತನೂ ಹೌದು. ಆದರೂ ಒಂದು ಮಾತು ಕೇಳಿಯೇಬಿಟ್ಟ. “ಬುದ್ಧೀ, ದುಡಿದದ್ದಕ್ಕೆ ಲೆಕ್ಕ ಒಪ್ಪಿಸೋಣ, ಸರಿ. ಸಂತೋಷಕ್ಕೂ ಲೆಕ್ಕ ಒಪ್ಪಿಸಬೇಕೇ?” ಇದು ತಳ್ಳಿಹಾಕುವ ಮಾತಲ್ಲ. ಕಾಯಕವನ್ನು ಪೂಜೆಯೆಂದು ಎತ್ತಿಹಿಡಿದ ನಮ್ಮ ಧರ್ಮದಲ್ಲಿ ವಿಶ್ರಾಂತಿಗೆ ಸ್ಥಾನವೆಲ್ಲಿ ಎಂದು ಇಂದಿನ ತರುಣರು ಕೇಳಿದರೆ, ಕಾಯಕದ ಹಿರಿಮೆಯನ್ನೇ ಮತ್ತೊಮ್ಮೆ ಹೇಳಿ ಅವರ ಬಾಯಿ ಮುಚ್ಚಿಸುವುದು ಉತ್ತರವಾಗದು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಡೆದಳು. ಹೆಚ್ಚಾದುದನ್ನು ತಿರುಗಿ ಒಯ್ದು ಸುರಿದು ಬರುವಂತೆ ಮಾಡಿದಳು. ಆಕೆ ತಡೆದದ್ದು ಗಂಡನ ಸಂತೋಷವನ್ನಲ್ಲ, ನಾಳಿನ ಭಯದಿಂದ ಹುಟ್ಟಿದ ಆಸೆಯನ್ನು. ದಣಿದ ತಂದೆತಾಯಿಗಳು ಮಗನೊಡನೆ ಹನ್ನೆರಡು ದಿನ ಕಳೆಯುವುದು ಆ ಹೆಚ್ಚಿನ ಅಕ್ಕಿಯೇ ಎಂದು ನಾವು ಹೇಳಲಾರೆವು. ಆದರೆ ಸಾಲ ಮಾಡಿ ಹೋಗುವುದು, ಪಕ್ಕದ ಮನೆಯವರು ದುಬೈಗೆ ಹೋದರೆಂದು ನಾವು ಸಿಂಗಾಪುರಕ್ಕೆ ಹೋಗುವುದು, ಕಂಡದ್ದಕ್ಕಿಂತ ತೆಗೆದ ಚಿತ್ರಗಳೇ ಹೆಚ್ಚಾಗುವುದು, ಇವು ಅದೇ ಅಕ್ಕಿ. ಇದರಲ್ಲಿ ನಮಗೆ ಸಂಶಯವಿಲ್ಲ. (ಮಠಗಳ ಉತ್ಸವಗಳಲ್ಲಿಯೂ ಈ ಚಿತ್ರದ ರೋಗ ಹೊಕ್ಕಿದೆ, ಅದನ್ನು ಮರೆತು ಭಕ್ತರನ್ನಷ್ಟೇ ಬಯ್ಯುವುದು ನಮಗೆ ಶೋಭಿಸದು.)

ನಾವು ಇಷ್ಟು ಹೇಳಿ, ಟಿಕೀಟನ್ನು ರದ್ದು ಮಾಡಿಸಿರೆಂದು ಹೇಳುವವರಿದ್ದೆವು. ಅಷ್ಟರಲ್ಲಿ ಅಲ್ಲಿಯವರೆಗೆ ಸೆರಗು ಹೊದ್ದು ಸುಮ್ಮನೆ ಕುಳಿತಿದ್ದ ತಾಯಿ ಮಾತಾಡಿದಳು: “ಅಜ್ಜಾರ, ನಾ ಊರು ನೋಡಾಕ ಹೊಂಟಿಲ್ರಿ. ನನ್ನ ಮಗ ಒಂಬತ್ತು ವರ್ಷ ಎಲ್ಲಿ ಉಂಡಾನ, ಎಲ್ಲಿ ಮಲಗ್ಯಾನ ಅನ್ನೂದು ನನಗ ಗೊತ್ತಿಲ್ರಿ. ಅದನ್ನಷ್ಟ ನೋಡಿ ಬರ್ತೀನ್ರಿ.” ಅವನು ಬಾಡಿಗೆಗಿದ್ದ ಕೋಣೆಯಲ್ಲಿ ಈಗ ಅವನ ಗೆಳೆಯರಿದ್ದಾರಂತೆ. ಅದನ್ನು ಆಕೆ ನೋಡಬೇಕಂತೆ.

ವಾಚಕರೇ, ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಏಕೆಂದು ಹೇಳಬೇಕಾದರೆ ಪೂರ್ವಾಶ್ರಮದ ಒಂದು ಸಂಗತಿಯನ್ನು ತೆರೆದಿಡಬೇಕಾಗುತ್ತದೆ. ಹನ್ನೊಂದನೆಯ ವಯಸ್ಸಿನಲ್ಲಿ ನಮ್ಮನ್ನು ಮಠಕ್ಕೆ ಮರಿಯಾಗಿ ಬಿಟ್ಟರು. ಮುಂದೆ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದಾಗ ಹೆತ್ತ ತಾಯಿ ಬೀಳಗಿ ತಾಲೂಕಿನ ಕೃಷ್ಣಾತೀರದ ಹಳ್ಳಿಯಿಂದ ಮೂರು ಬಸ್ಸು ಬದಲಿಸಿ, ರೊಟ್ಟಿಯ ಗಂಟು ಹಿಡಿದುಕೊಂಡು ಬಂದಳು. ನಾವಿದ್ದೆಡೆಯ ಪಡಸಾಲೆಯಲ್ಲಿ ಕುಳಿತಳು. ಎಲ್ಲರಂತೆ ನಮಗೆ ನಮಸ್ಕರಿಸಿದಳು. ‘ಬುದ್ಧಿ’ ಎಂದೇ ಕರೆದಳು. ಹೊರಡುವಾಗ, ತಾವು ಮಲಗುವ ಕೋಣೆ ಯಾವುದು, ಒಂದು ಸಲ ನೋಡಿ ಹೋಗಲೇ ಎಂದಳು. ಆಗ ನಮಗೆ ವೈರಾಗ್ಯದ ಹೊಸ ಬಿಸಿ. ಮಮಕಾರ ಸಲ್ಲದು, ಅದು ಉಚಿತವಲ್ಲ ಎಂದು ಹೇಳಿ ಕಳುಹಿಸಿದೆವು. ಆಕೆ ಮರುಮಾತಾಡಲಿಲ್ಲ. ಎರಡನೆಯ ಸಲ ಬರಲೂ ಇಲ್ಲ. ಆಕೆಯಿದ್ದ ಮನೆ, ಆ ಇಡೀ ಹಳ್ಳಿ, ಇಂದು ಆಲಮಟ್ಟಿಯ ಹಿನ್ನೀರಿನೊಳಗಿದೆ. ಆಕೆ ಎಲ್ಲಿ ಉಣ್ಣುತ್ತಿದ್ದಳು, ಎಲ್ಲಿ ಮಲಗುತ್ತಿದ್ದಳು ಎಂದು ನೋಡಹೋದರೆ ಈಗ ನಮಗೆ ಕಾಣುವುದು ನೀರು. ಅಂದು ನಾವು ವೈರಾಗ್ಯವೆಂದು ತಿಳಿದದ್ದರಲ್ಲಿ ವೈರಾಗ್ಯವೆಷ್ಟು, ಅಹಂಕಾರವೆಷ್ಟು ಎಂಬ ವಿಚಾರ ಈಗಲೂ ಬಗೆಹರಿದಿಲ್ಲ.

ವಿಶ್ವವಿದ್ಯಾಲಯದಲ್ಲಿ ಪಾಶ್ಚಾತ್ಯ ದರ್ಶನವನ್ನು ಓದುವಾಗ ಸಂತ ಅಗಸ್ಟೀನನ ಆತ್ಮಕಥನದಲ್ಲಿ ಇಂಥದೇ ಒಂದು ಪ್ರಸಂಗ ಕಂಡಿತ್ತು. ಉತ್ತರ ಆಫ್ರಿಕದ ಆ ತರುಣ 383ರಲ್ಲಿ ರೋಮಿಗೆ ಹೊರಟಾಗ ತಾಯಿ ಮೋನಿಕಳಿಗೆ ಸುಳ್ಳು ಹೇಳಿ, ಆಕೆ ಪ್ರಾರ್ಥನೆಯಲ್ಲಿದ್ದ ರಾತ್ರಿ ಹಡಗು ಹತ್ತಿಬಿಟ್ಟ. ಆಕೆ ಬಿಡಲಿಲ್ಲ, ಕಡಲು ದಾಟಿ ಮಿಲಾನಿನವರೆಗೆ ಹೋದಳು. 387ರಲ್ಲಿ ತಾಯಿಮಕ್ಕಳು ಊರಿಗೆ ತಿರುಗುವ ದಾರಿಯಲ್ಲಿ ಓಸ್ಟಿಯಾ ಬಂದರದಲ್ಲಿ ಆಕೆ ತೀರಿಕೊಂಡಳು. ಗಂಡನ ಸಮಾಧಿಯ ಪಕ್ಕದಲ್ಲಿಯೇ ತನ್ನದಾಗಬೇಕೆಂದು ಮೊದಲು ಹಂಬಲಿಸುತ್ತಿದ್ದವಳು, ಕೊನೆಗೆ ಈ ದೇಹವನ್ನು ಎಲ್ಲಿ ಬೇಕಾದರೂ ಮಣ್ಣು ಮಾಡಿರಿ ಎಂದಳು. ಅಂದು ಪರೀಕ್ಷೆಗಾಗಿ ಓದಿ ಬಿಟ್ಟಿದ್ದೆವು. ತಾಯಿಯ ಆ ಪಯಣ ವಿಹಾರವಾಗಿರಲಿಲ್ಲ, ತೀರ್ಥಯಾತ್ರೆಯೂ ಆಗಿರಲಿಲ್ಲ. ಮಗನ ಬಾಳಿನಲ್ಲಿ ತಾನು ಕಾಣದೆ ಉಳಿದ ಭಾಗವನ್ನು ಕಾಣುವುದಕ್ಕಾಗಿ ಆಕೆ ಹೋದಳು.

ಇಲ್ಲಿಂದ ನಮಗೆ ಹೊಳೆದುದು ಇಷ್ಟು. ಮಗನು ಪೆಟ್ಟಿಗೆ ಹಿಡಿದು ಹೊಸ್ತಿಲು ತುಳಿದ ಮಾತ್ರಕ್ಕೆ ಮನೆಗೆ ಬಂದಂತಾಗುವುದಿಲ್ಲ. ಅವನ ಒಂಬತ್ತು ವರ್ಷಗಳು ಹೊರಗೇ ನಿಂತಿರುತ್ತವೆ. ಮನೆಯವರು ಅವನ್ನು ಅರಿಯದಿದ್ದರೆ ಅವನು ತನ್ನ ಮನೆಯಲ್ಲಿಯೇ ಅರ್ಧ ಅತಿಥಿ. ಇಚಲಕರಂಜಿಯ ಮಗ್ಗಗಳಿಂದ ರಬಕವಿ-ಬನಹಟ್ಟಿಗೆ ತಿರುಗಿದ ನೇಕಾರನ ಮಗನಿಗೂ ಇದು ಉಂಟು. ಕಡಲಾಚೆಯಿಂದ ಬಂದವನಿಗೆ ಮಾತ್ರ ಅಲ್ಲ. ಅವನು ಉಂಡ ಚಳಿ, ಒಂಟಿತನ, ಅಡಗಿಸಿದ ಅಳು, ಇವನ್ನು ಅವನು ಬಾಯಿಬಿಟ್ಟು ಹೇಳಲಾರ. ಸ್ಥಳವನ್ನು ಕಂಡರೆ ತಾಯಿಗೆ ಹೇಳದೆಯೂ ತಿಳಿದೀತು. ಹಾಗಾದರೆ ತಾಯಿ ಹೋಗುವುದು ಮಗನ ಮರಳುವಿಕೆಯನ್ನು ಪೂರ್ಣಗೊಳಿಸುವ ಕಾರ್ಯ. ಅದನ್ನು ಭೋಗವೆನ್ನಲು ನಾಲಗೆ ಬರುವುದಿಲ್ಲ.

ನಮ್ಮ ಪರಂಪರೆಗೂ ದೂರದ ನಾಡು ಹೊಸದಲ್ಲ. ಮೋಳಿಗೆ ಮಾರಯ್ಯ ಮಹಾದೇವಿಯರು ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಮಾರಿದರೆಂದು ಶರಣ ಪರಂಪರೆ ಹೇಳುತ್ತದೆ. ಮುಧೋಳದ ಬಳೆಗಾರ ಮನೆತನದ ರನ್ನ ವಿದ್ಯೆಗಾಗಿ ಗಂಗರ ನಾಡಿಗೆ ಹೋದ. ಕವಿಚಕ್ರವರ್ತಿಯಾದ ಮೇಲೆಯೂ ತನ್ನ ಕಾವ್ಯದಲ್ಲಿ ತಾಯಿ ಅಬ್ಬಲಬ್ಬೆಯ ಹೆಸರನ್ನು ಇರಿಸಿದ. ಜಂಗಮವೆಂಬ ಶಬ್ದದಲ್ಲಿಯೇ ಚಲನೆಯಿದೆ. ಈಗಂತೂ ಲಂಡನ್ನಿನ ಥೇಮ್ಸ್ ನದಿಯ ದಂಡೆಯಲ್ಲಿ, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್ತಿನ ಮೇಯರರಾಗಿದ್ದ, ಕಲಬುರ್ಗಿ ಮೂಲದ ನೀರಜ ಪಾಟೀಲರ ಶ್ರಮ ಅದರ ಹಿಂದಿದೆ. ಭಕ್ತರು ಅಲ್ಲಿ ಕೈಮುಗಿದು ಬರಲಿ, ಸಂತೋಷವೇ. ಆದರೆ ಪ್ರತಿಮೆಯನ್ನು ಕಂಡ ಮಾತ್ರಕ್ಕೆ ಪ್ರವಾಸವೆಲ್ಲ ಯಾತ್ರೆಯಾಯಿತೆಂಬ ಸಮಾಧಾನ ಬೇಡ. ಸ್ಥಾವರವನ್ನು ಕುರಿತು ಬಸವಣ್ಣನವರು ಏನು ಹೇಳಿದರೆಂಬುದು ನಿಮಗೆ ಗೊತ್ತಿದೆ.

ಹುಡುಗನು ಅಂದು ಇನ್ನೊಂದು ವಿಷಯ ಹೇಳಿದ. ಡಿಸೆಂಬರ್ 25ರಂದು ಆ ಮಹಾನಗರದಲ್ಲಿ ಬಸ್ಸಿಲ್ಲ, ನೆಲದೊಳಗಿನ ರೈಲಿಲ್ಲ, ಅಂಗಡಿಗಳು ಮುಚ್ಚಿರುತ್ತವೆ, ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಅಲ್ಲಿನ ಜನರೆಲ್ಲ ಅಂದು ತಂತಮ್ಮ ತಂದೆತಾಯಿಗಳ ಮನೆ ಸೇರಿರುತ್ತಾರೆ. ಹೋಗಲು ಮನೆಯಿಲ್ಲದ ಇವನಂಥವರು ಕೋಣೆಯಲ್ಲಿ ಕುಳಿತು ಊರಿಗೆ ಫೋನು ಮಾಡುತ್ತಿದ್ದರಂತೆ. ಅವರ ಎಳ್ಳಮಾವಾಸ್ಯೆ ಅದು. ಒಂಬತ್ತು ಸಲ ಆ ದಿನವನ್ನು ಒಬ್ಬನೇ ಕಳೆದ ಕೋಣೆಗೆ ಒಮ್ಮೆಯಾದರೂ ತಂದೆತಾಯಿಗಳನ್ನು ಕರೆದೊಯ್ಯಬೇಕೆಂದು ಅವನು ಆ ತಿಂಗಳನ್ನೇ ಆರಿಸಿದ್ದ. ಇದನ್ನು ಕೇಳುವ ಮೊದಲೇ ತೀರ್ಪು ಕೊಡಲು ಹೊರಟಿದ್ದೆವಲ್ಲ ಎಂದು ನಮಗೆ ನಾಚಿಕೆಯಾಯಿತು.

ಹೋಗಿ ಬನ್ನಿರೆಂದೆವು. ಆದರೆ ಮುದುಕಿಗೆ ತಿಳಿಸಿ ಹೋಗುವುದಲ್ಲ, ಆಕೆಯನ್ನು ಕೇಳಿ ಹೋಗಬೇಕು. ಆಕೆ ಒಲ್ಲೆನೆಂದರೆ ನಿಲ್ಲಬೇಕು ಎಂದೆವು. ಕೇಳುವುದೂ ತಿಳಿಸುವುದೂ ಒಂದೇ ಎಂದು ಇಂದಿನ ಮನೆಗಳು ಭಾವಿಸಿವೆ. ಉಣ್ಣುವ, ಉಡುವ ಕೊರತೆಯಿಲ್ಲದ ಎಷ್ಟೋ ಹಿರಿಯರು ಈ ಒಂದು ಕೊರತೆಯಿಂದಲೇ ಮಠದ ಕಟ್ಟೆಗೆ ಬಂದು ಕುಳಿತಿರುವುದನ್ನು ನಾವು ದಿನವೂ ಕಾಣುತ್ತೇವೆ. ಯಜಮಾನರು ಅಂದು ಸಂಜೆಯೇ ತಾಯಿಯನ್ನು ಕೇಳಿದರಂತೆ. ಆಕೆ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ, ಹೋಗಿ ಬರ್ರಿ, ಚರಗದ ಚಿಂತೆ ನನಗಿರಲಿ ಎಂದರಂತೆ.

ಡಿಸೆಂಬರ್ 30ರಂದು ಆ ತಾಯಿ ಶ್ರೀಮಠಕ್ಕೂ ಹೇಳಿಕಳುಹಿಸಿದ್ದರು. ನಾವು ಹೊಲಕ್ಕೆ ಹೋದೆವು. ಇಪ್ಪತ್ತು ವರ್ಷದಿಂದ ಆ ಭೂಮಿಯನ್ನು ಉತ್ತ ಆಳುಮಗನ ಕೈಯಿಂದಲೇ ಚರಗ ಚೆಲ್ಲಿಸಿದರು. ಅವನ ಕೈ ಮೊದಲು ತುಸು ನಡುಗಿತು. ಕಬ್ಬಿನ ಗ್ಯಾಂಗಿನ ಐದಾರು ಮನೆಗಳವರು ಮಕ್ಕಳೊಡನೆ ಸಾಲಾಗಿ ಕುಳಿತರು. ನಡುಹಗಲು ಹನ್ನೆರಡೂವರೆಯ ಹೊತ್ತಿಗೆ ಲಂಡನ್ನಿನಿಂದ ಫೋನು ಬಂದಿತು. ಆಳುಮಗನ ಮಗಳು ಅದನ್ನು ಅಜ್ಜಿಯ ಮುಖದೆದುರು ಹಿಡಿದಳು. ಅಲ್ಲಿ ಬೆಳಗಿನ ಏಳು ಗಂಟೆ, ಕಿಟಕಿಯಾಚೆ ಇನ್ನೂ ಕತ್ತಲೆ. ಸೊಸೆ ಆ ಕೋಣೆಯನ್ನು ತೋರಿಸುತ್ತಿದ್ದಳು: ಮಂಚ, ಮೇಜು, ಗೋಡೆಗೆ ಆನಿಸಿದ ಒಂದು ಕುರ್ಚಿ.

“ಒಲಿ ಎಲ್ಲೈತಿ?” ಎಂದರು ಅಜ್ಜಿ.

ಸೊಸೆ ಮೂಲೆಯಲ್ಲಿದ್ದ ಚಿಕ್ಕ ವಿದ್ಯುತ್ ಒಲೆಯನ್ನು ತೋರಿಸಿದಳು.

“ಇಷ್ಟು ಸಣ್ಣದರಾಗ ರೊಟ್ಟಿ ಹ್ಯಾಂಗ ಬಡೀತಿದ್ದೆಪಾ?”

“ಬಡೀತಿರಲಿಲ್ಲ ಆಯಿ. ನೀ ಕಳಿಸಿದ ಖಡಕ್ ರೊಟ್ಟಿ ಇರೂತನಕ ಅವನ್ನ ತಿಂತಿದ್ದೆ” ಎಂದ ಮೊಮ್ಮಗ.

ಅಜ್ಜಿ ಸ್ವಲ್ಪ ಹೊತ್ತು ಆ ಒಲೆಯನ್ನೇ ನೋಡಿದರು. ಆಮೇಲೆ ಫೋನನ್ನು ಹುಡುಗಿಯ ಕೈಯಲ್ಲಿಯೇ ಬಿಟ್ಟು, ಎಲೆಯ ಮುಂದೆ ಕಾಯುತ್ತಿದ್ದ ಕಬ್ಬಿನ ಗ್ಯಾಂಗಿನ ಮಕ್ಕಳಿಗೆ ಎರಡನೆಯ ಸಲ ಕಡುಬು ನೀಡಲು ಎದ್ದರು.