ಕಾರಹುಣ್ಣಿಮೆಯಿಂದ ಹೋಳಿಹುಣ್ಣಿಮೆಗೆ

‘ಕಾರಹುಣ್ಣಿಮಿ ಕರಕೊಂಡು ಬಂತು, ಹೋಳಿಹುಣ್ಣಿಮಿ ಹೊಯ್ಕೊಂಡು ಹೋತು’ ಎಂಬ ಗಾದೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಇಂದಿಗೂ ಇದೆ. ಜ್ಯೇಷ್ಠದ ಹುಣ್ಣಿಮೆ ಹಬ್ಬಗಳ ಸಾಲನ್ನು ಊರೊಳಗೆ ಕರೆತರುತ್ತದೆ. ಫಾಲ್ಗುಣದ ಹುಣ್ಣಿಮೆ ಬಾಯಿ ಬಡಿದುಕೊಳ್ಳುತ್ತ ಅವನ್ನು ಕಳಿಸಿಕೊಡುತ್ತದೆ. ರೈತನಿಗೆ ಇದು ಬಿತ್ತಿಗೆಯಿಂದ ಸುಗ್ಗಿಯವರೆಗಿನ ಲೆಕ್ಕ. ಗಾದೆಯ ಸೊಗಸು ಪೂರ್ತಿ ಕಾಣುವುದು ಮಾತ್ರ ಊರಿನ ಮಕ್ಕಳ ಕಡೆಯಿಂದ ನೋಡಿದಾಗ. ಈ ಒಂಬತ್ತು ತಿಂಗಳ ಹೆಚ್ಚಿನ ಹಬ್ಬಗಳಲ್ಲಿ ಮಕ್ಕಳಿಗೆಂದೇ ಒಂದು ಕೆಲಸವಿತ್ತು. ಆ ಕೆಲಸ ಅವರನ್ನು ಮನೆಯ ಹೊಸ್ತಿಲು ದಾಟಿಸಿ ಊರಿನ ಮಕ್ಕಳನ್ನಾಗಿ ಮಾಡುತ್ತಿತ್ತು.

ಕಾರಹುಣ್ಣಿಮೆಯಂದು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಊರ ಅಗಸಿಯಲ್ಲಿ ಎತ್ತುಗಳನ್ನು ಓಡಿಸಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದಾದರೆ ಜೋಳದಂಥ ಬಿಳಿ ಬೆಳೆ, ಕಂದೆತ್ತು ಮುಂದಾದರೆ ಕೆಂಪು ಬೆಳೆ ಚೆನ್ನಾಗಿ ಬರುವುದೆಂಬ ನಂಬಿಕೆ. ಇಲ್ಲಿ ಮಕ್ಕಳು ನೋಡುವವರು ಮಾತ್ರ.

ಹದಿನೈದು ದಿನ ಕಳೆದರೆ ಮಣ್ಣೆತ್ತಿನ ಅಮಾವಾಸ್ಯೆ. ಇದು ಮಕ್ಕಳದೇ ಹಬ್ಬ. ಹಳ್ಳದ ದಂಡೆಯ ಎರೆಮಣ್ಣು ತಂದು, ಹದವಾಗಿ ಕಲಸಿ, ಜೋಡೆತ್ತು ಮಾಡಿ, ಅವುಗಳ ಮುಂದೆ ಮೇವಿನ ಒಂದು ಗ್ವಾದಲಿಯನ್ನೂ ಇಡುತ್ತಾರೆ. ಕಣ್ಣಿಗೆ ಗುಲಗಂಜಿ, ಮೈಗೆ ಕುಸುಬಿಯ ಕಾಳು. ಮರುದಿನ ಹುಡುಗರ ಗುಂಪು ಮಣ್ಣಿನ ಎತ್ತು ಹಿಡಿದು, ಅದರಲ್ಲೊಂದು ಕುಂಟೆತ್ತು ಎಂದು ಹಾಡುತ್ತ ಮನೆಮನೆಗೆ ಹೋಗಿ ಜೋಳ ಬೇಡುತ್ತದೆ. ಕೂಡಿದ ಕಾಳನ್ನು ಅಂಗಡಿಗೆ ಹಾಕಿ, ಚುರಮುರಿ, ಬೆಲ್ಲ, ಕೊಬ್ಬರಿ ತಂದು ಹಂಚಿಕೊಂಡು ತಿನ್ನುವುದು. ಉಳ್ಳವರ ಮನೆಯ ಹುಡುಗನೂ ಅಂದು ಕೈಯೊಡ್ಡುತ್ತಿದ್ದ. ಈ ಹಬ್ಬದ ದೊಡ್ಡತನ ಅಲ್ಲಿಯೇ ಇದೆ. ಟ್ರ್ಯಾಕ್ಟರ್ ಬಂದು ಹಟ್ಟಿಯಲ್ಲಿ ಎತ್ತು ಕಡಿಮೆಯಾದ ಮೇಲೂ ಮಣ್ಣೆತ್ತು ಉಳಿದಿದೆ. ಆದರೆ ಪೇಟೆಯಿಂದ ಕೊಂಡು ತಂದ ಎತ್ತಿನಲ್ಲಿ ಮಣ್ಣು ಕಲಸಿದ ಕೈಯ ಸುಖವಿಲ್ಲ, ಅದು ನಿಜವಾದ ನಷ್ಟ.

ಆಷಾಢದ ಮಂಗಳವಾರಗಳು ಹುಡುಗಿಯರವು. ಮಣ್ಣಿನ ಗುಳ್ಳವ್ವನನ್ನು ಸಿಂಗರಿಸಿ, ಹಾಡಿ, ಬುತ್ತಿ ಕಟ್ಟಿಕೊಂಡು ಹೊರಗೆ ಹೋಗಿ ಕೂಡಿ ಉಣ್ಣುತ್ತಾರೆ. ಶ್ರಾವಣದ ನಾಗರಪಂಚಮಿಗೆ ತವರಿಗೆ ಬಂದ ಅಕ್ಕಂದಿರ ಜೊತೆ ಜೋಕಾಲಿ, ಶೇಂಗಾ ಉಂಡಿ, ಎಳ್ಳುಂಡಿ, ಅಳ್ಳು. ಕೊಬ್ಬರಿ ಬಟ್ಟಲಿಗೆ ದಾರ ಪೋಣಿಸಿ ತಿರುಗಿಸುವ ಆಟ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಬರುವ ಮಣ್ಣಿನ ಜೋಕುಮಾರನ ಹಿಂದೆ ಓಣಿಯ ಮಕ್ಕಳೆಲ್ಲ. ವಿಜಯದಶಮಿಗೆ ಬನ್ನಿ ಎಲೆ ಹಿಡಿದು ಹಿರಿಯರ ಕಾಲಿಗೆರಗುವುದು.

ಈ ಹೊತ್ತಿಗೇ ಬರುವ ಇನ್ನೊಂದು ದಿನವನ್ನು ಗಾದೆ ಅರಿಯದು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಸೈನ್ಯ ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿತು. ಆ ನೆನಪಿಗೆ ಕಿತ್ತೂರು ಉತ್ಸವ ನಡೆಯುತ್ತದೆ. ಕಿತ್ತೂರಿನ ರಾಣಿ ಚನ್ನಮ್ಮನ ಸಮಾಧಿ ಇರುವುದು ಬೈಲಹೊಂಗಲದಲ್ಲಿ, ಅವಳ ಪರ ಹೋರಾಡಿದ ರಾಯಣ್ಣನ ಊರು ಸಂಗೊಳ್ಳಿ ಅಲ್ಲಿಂದ ದೂರವಿಲ್ಲ. ಜಾತ್ರೆಯ ಗೀಗೀ ಮೇಳಗಳಲ್ಲಿ ಅವರ ಕಥೆ ಕೇಳಿ ಬೆಳೆದ ಮಕ್ಕಳಿಗೆ ಇತಿಹಾಸ ಶಾಲೆಗಿಂತ ಮೊದಲು ಜಾತ್ರೆಯಲ್ಲಿಯೇ ಸಿಕ್ಕಿತು.

ಚಳಿಗಾಲದ ಹುಣ್ಣಿಮೆಗಳಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳು ಸಾಲುಗಟ್ಟುತ್ತಿದ್ದವು. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂದು ಗುಡ್ಡದ ತುಂಬ ಭಂಡಾರ, ‘ಉಧೋ’ ಎಂಬ ಕೂಗು. ಚಕ್ಕಡಿಯ ಹುಲ್ಲಿನ ಮೇಲೆ ಮಲಗಿ ನಕ್ಷತ್ರ ನೋಡುತ್ತ ಹೋಗುವುದೇ ಮಕ್ಕಳ ಪಾಲಿನ ಯಾತ್ರೆ.

ಗಾದೆಯ ಎರಡನೆಯ ಅರ್ಧ ಹೋಳಿ. ಶಿವರಾತ್ರಿ ದಾಟಿತೆಂದರೆ ಓಣಿಗಳಲ್ಲಿ ಹಲಿಗೆಯ ಸದ್ದು. ರಾತ್ರಿ ಹುಡುಗರು ಹಿತ್ತಲುಗಳಿಂದ ಕಟ್ಟಿಗೆ, ಕುಳ್ಳು ಕದಿಯುತ್ತಾರೆ. ಕಳಕೊಂಡವರು ಬೈಯುತ್ತಾರೆ, ದೂರು ಕೊಡುವುದಿಲ್ಲ. ಹುಡುಗರ ಕಳವನ್ನು ಹಬ್ಬದ ಪಾಲೆಂದು ಒಪ್ಪಿಕೊಳ್ಳುವ ಊರಿನಲ್ಲಿ ಮಕ್ಕಳ ಬಗ್ಗೆ ಇದ್ದ ನಂಬಿಕೆ ದೊಡ್ಡದು. ಕಾಮಣ್ಣನನ್ನು ಸುಟ್ಟು, ಬಾಯಿ ಬಡಿದುಕೊಂಡು, ಆ ಬೆಂಕಿಯನ್ನು ಮನೆಗೆ ಒಯ್ದು ಕಡಲೆ ಹುರಿಯುವುದು ವಾಡಿಕೆ.

ಈ ಒಗ್ಗಟ್ಟಿಗೆ ಮಿತಿಯೂ ಇತ್ತು ಎಂಬುದನ್ನು ಮರೆಮಾಚಬಾರದು. ಹಲಿಗೆ ಬಾರಿಸಿದ ಕೇರಿಯ ಮಕ್ಕಳಿಗೆ ಎಲ್ಲ ಮನೆಗಳ ಪಡಸಾಲೆ ತೆರೆದಿರಲಿಲ್ಲ. ಎಲ್ಲರ ಬಾಲ್ಯವೂ ಒಂದೇ ಸಮ ಸಿಹಿಯಾಗಿತ್ತೆಂದು ಹೇಳುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ.

ಗಾದೆಯ ಲೆಕ್ಕಕ್ಕೆ ಸಿಗದ ಹಬ್ಬಗಳೂ ಇವೆ. ಚಾಂದ್ರಮಾನದ ಹಿಜರಿ ವರ್ಷದಂತೆ ಸರಿಯುತ್ತ ಹೋಗುವ ಮೊಹರಂ ಒಮ್ಮೆ ಮಳೆಯಲ್ಲಿ, ಒಮ್ಮೆ ಬಿಸಿಲಿನಲ್ಲಿ ಬರುತ್ತದೆ. ಹಿಂದೂ ಮನೆಗಳ ಮಕ್ಕಳೂ ಹರಕೆಯ ಹುಲಿವೇಷ ಹಾಕುತ್ತಾರೆ. ಯುಗಾದಿ, ಬಸವ ಜಯಂತಿಗಳು ಹೋಳಿಯ ಆಚೆಗಿವೆ. ಆ ಬ್ಯಾಸಗಿ ಸೂಟಿಯಲ್ಲಿ ಮಕ್ಕಳಿಗೆ ಹಬ್ಬದ ಕೆಲಸ ಕಡಿಮೆ. ಬಗರಿ, ಗೋಲಿ, ಚಿಣಿಕೋಲು, ಲಗೋರಿಗಳಿಗೆ ಮಾತ್ರ ಇಡೀ ದಿನ ಸಾಲುತ್ತಿರಲಿಲ್ಲ.