ಬಡ್ಡಿಯೂ ಧರ್ಮವೃದ್ಧಿಯೂ



ಮುನಿಮಹಾರಾಜರ ಸನ್ನಿಧಿಯಲ್ಲಿ ನಾವು 'ನಮೋಸ್ತು' ಎಂದು ತಲೆಬಾಗಿದಾಗ ಅವರು ಪಿಂಛಿಯನ್ನೆತ್ತಿ 'ಸದ್ಧರ್ಮವೃದ್ಧಿರಸ್ತು' ಎಂದು ಹರಸುತ್ತಾರೆ. ಆ ಹರಕೆಯನ್ನು ಹೊತ್ತು ಹೊರಬಂದ ನಾವು ಪೇಟೆಯ ದಾರಿಯಲ್ಲಿ ಬ್ಯಾಂಕಿಗೆ ಹೋಗಿ, ಇಟ್ಟ ಹಣಕ್ಕೆ ಬಡ್ಡಿ ಎಷ್ಟು ಬಂದಿತೆಂದು ವಿಚಾರಿಸುತ್ತೇವೆ. ಎರಡು ಕಡೆಯಲ್ಲಿಯೂ ನಮ್ಮ ಕಿವಿಗೆ ಬಿದ್ದದ್ದು ಒಂದೇ ಶಬ್ದವೆಂಬುದು ಎಷ್ಟು ಜನರಿಗೆ ಹೊಳೆದೀತು? ಸಂಸ್ಕೃತದ 'ವೃದ್ಧಿ'ಯೇ ಕನ್ನಡದಲ್ಲಿ ತದ್ಭವವಾಗಿ 'ಬಡ್ಡಿ' ಎಂದಾಗಿದೆ.

ಈ ಒಂದು ಶಬ್ದಕ್ಕೆ ಅರ್ಥಗಳು ಹಲವು. ವ್ಯಾಕರಣ ಓದುವ ಬಾಲಕನಿಗೆ ವೃದ್ಧಿ ಎಂದರೆ 'ಏಕೈಕ', 'ವನೌಷಧಿ' ಎಂಬಲ್ಲಿ ಆಗುವ ಸಂಧಿ. ಮಗು ಹುಟ್ಟಿದ ಮನೆಯ ಸೂತಕಕ್ಕೂ ಹಿರಿಯರು ವೃದ್ಧಿ ಎನ್ನುವುದುಂಟು. ಲೆಕ್ಕಿಗನಿಗೆ ಅದು ಅಸಲಿನ ಮೇಲೆ ಬೆಳೆದ ಹಣ. ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ನಮ್ಮ ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ'ದ ಮಿಶ್ರಕವ್ಯವಹಾರದಲ್ಲಿ ಅಸಲು, ಕಾಲ, ಬಡ್ಡಿಗಳ ಲೆಕ್ಕಗಳನ್ನು ವಿವರವಾಗಿ ಬಿಡಿಸಿ ತೋರಿಸಿದ್ದಾರೆ. ಕೊನೆಯ ತೀರ್ಥಂಕರರ 'ವರ್ಧಮಾನ' ಎಂಬ ನಾಮಧೇಯವೂ ಇದೇ ಧಾತುವಿನಿಂದ ಬಂದದ್ದು.

ಹಾಗಾದರೆ ವೃದ್ಧಿಯೆಲ್ಲವೂ ಶುಭವೇ? ಅಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ದಿಗ್ವ್ರತದ ಐದು ಅತಿಚಾರಗಳನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು 'ಕ್ಷೇತ್ರವೃದ್ಧಿ'ಯನ್ನೂ ಸೇರಿಸಿದ್ದಾರೆ. ತಾನೇ ಹಾಕಿಕೊಂಡ ಎಲ್ಲೆಯನ್ನು ಆಸೆಗಾಗಿ ತಾನೇ ಹಿಗ್ಗಿಸಿಕೊಳ್ಳುವುದೇ ಅದು. ಹಣವನ್ನು ಕುರಿತ ಪರಿಗ್ರಹ ಪರಿಮಾಣ ವ್ರತಕ್ಕೂ ಹೀಗೆಯೇ ಪ್ರಮಾಣವನ್ನು ಮೀರುವುದು ಅತಿಚಾರ. ಇದನ್ನು ನಾನು ಗ್ರಂಥದಿಂದ ಕಲಿತದ್ದಕ್ಕಿಂತ ನನ್ನ ತಪ್ಪಿನಿಂದ ಕಲಿತದ್ದೇ ಹೆಚ್ಚು.

ನಿವೃತ್ತನಾಗುವ ಮೊದಲು ಗುರುಗಳ ಎದುರಿನಲ್ಲಿ ನಾನು ಪರಿಗ್ರಹ ಪರಿಮಾಣ ವ್ರತವನ್ನು ಸ್ವೀಕರಿಸಿ, ಇಷ್ಟಕ್ಕಿಂತ ಹೆಚ್ಚಿನ ಹಣವನ್ನು ನನ್ನದೆಂದು ಇಟ್ಟುಕೊಳ್ಳೆನೆಂದು ಪುಸ್ತಕದಲ್ಲಿ ಬರೆದಿಟ್ಟಿದ್ದೆ. ನಿವೃತ್ತಿಯ ಹಣವನ್ನು ಠೇವಣಿ ಇಟ್ಟೆ. ಬಡ್ಡಿ ಅಸಲಿಗೆ ಸೇರುತ್ತ ಕೆಲವು ವರ್ಷಗಳಲ್ಲಿ ಮೊತ್ತವು ಎಲ್ಲೆಯನ್ನು ದಾಟಿತು. ಆಗ ನಾನು ಮಾಡಿದ್ದೇನು? ಹೆಚ್ಚಾದ ಹಣವನ್ನು ಗೃಹಿಣಿಯ ಹೆಸರಿಗೆ ಬರೆಯಿಸಿ, ವ್ರತಕ್ಕೆ ಭಂಗವಿಲ್ಲವೆಂದು ಸಮಾಧಾನ ತಂದುಕೊಂಡೆ. ಆ ವರ್ಷದ ದಶಲಕ್ಷಣ ಪರ್ವದಲ್ಲಿ ಉತ್ತಮ ಆಕಿಂಚನ್ಯದ ದಿನ ಬಸದಿಯಲ್ಲಿ ಪ್ರವಚನವನ್ನೂ ಮಾಡಿದೆ. ಮನೆಗೆ ಬಂದ ಮೇಲೆ ಆಕೆ ಕೇಳಿದಳು: "ಏನೂಂದ್ರೆ, ವ್ರತ ನಿಮ್ಮ ಹೆಸರಿನಲ್ಲಿರಲಿ, ಲೋಭ ನನ್ನ ಹೆಸರಿನಲ್ಲಿರಲಿ ಎಂದು ಹೀಗೆ ಮಾಡಿದಿರಾ?"

ನನ್ನಲ್ಲಿ ಉತ್ತರವಿರಲಿಲ್ಲ. ಶಲ್ಯವಿಲ್ಲದವನೇ ವ್ರತಿ ಎಂಬುದು ಸೂತ್ರಕಾರರ ನಿರ್ಣಯ. ಮಾಯಾ, ಮಿಥ್ಯಾ, ನಿದಾನ ಎಂಬ ಮೂರು ಶಲ್ಯಗಳಲ್ಲಿ ನಾನು ಮಾಯಾಶಲ್ಯವನ್ನು ಎದೆಯಲ್ಲಿಟ್ಟುಕೊಂಡು ವ್ರತಿಯೆನಿಸಿಕೊಂಡಿದ್ದೆ. ಗುರುಗಳ ಬಳಿಗೆ ಹೋಗಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಪಡೆದೆ. ಆಕೆಯ ಒಪ್ಪಿಗೆಯಿಂದ ಆ ಹೆಚ್ಚಿನ ಹಣವು ಔಷಧದಾನಕ್ಕೂ ಶಾಸ್ತ್ರದಾನಕ್ಕೂ ಸಂದಿತು.

ಕರ್ಮದ ಲೆಕ್ಕವೂ ಇದೇ ರೀತಿ ಇದೆ. ನೂರು ರೂಪಾಯಿಗೆ ವರ್ಷಕ್ಕೆ ಶೇಕಡಾ 12ರಂತೆ ಸರಳ ಬಡ್ಡಿಯಾದರೆ ಆರು ವರ್ಷಕ್ಕೆ ಒಟ್ಟು 172 ರೂಪಾಯಿ. ಚಕ್ರಬಡ್ಡಿಯಾದರೆ 197 ರೂಪಾಯಿ ದಾಟುತ್ತದೆ. ಕಾಲವೂ ದರವೂ ಒಂದೇ. ಬಡ್ಡಿಗೆ ಬಡ್ಡಿ ಸೇರಿದ್ದರಿಂದ ಈ ಅಂತರ. ಹಿಂದೆ ಕಟ್ಟಿದ ಕರ್ಮವು ಉದಯಕ್ಕೆ ಬಂದಾಗ ಸಮಭಾವದಿಂದ ಅನುಭವಿಸಿದರೆ ಆ ಋಣ ತೀರುತ್ತದೆ. ಆ ಹೊತ್ತಿನಲ್ಲಿ ಕ್ರೋಧ, ಮಾನ, ಮಾಯಾ, ಲೋಭಗಳಿಗೆ ಎಡೆಗೊಟ್ಟರೆ ಹಳೆಯದು ತೀರುವಾಗಲೇ ಹೊಸದು ಕಟ್ಟುತ್ತದೆ. ಕಟ್ಟಿದ ಕರ್ಮದ ಸ್ಥಿತಿ ಮತ್ತು ಅನುಭಾಗಗಳು ಹೆಚ್ಚುವುದಕ್ಕೆ ಸಿದ್ಧಾಂತದಲ್ಲಿ ಉತ್ಕರ್ಷಣವೆಂದು ಹೆಸರು. ಅದೂ ಒಂದು ವೃದ್ಧಿಯೇ. ಹೊಸ ಸಾಲವನ್ನು ನಿಲ್ಲಿಸುವುದು ಸಂವರ. ಹಳೆಯದನ್ನು ತೀರಿಸುವುದು ನಿರ್ಜರೆ. ತಪಸ್ಸಿನಿಂದ ಇವೆರಡೂ ಆಗುತ್ತವೆಂದು ಆಚಾರ್ಯರು ಹೇಳಿದ್ದಾರೆ. ಉಪವಾಸವು ಬಾಹ್ಯತಪಗಳಲ್ಲಿ ಮೊದಲನೆಯದು.

ಆದರೆ ಉಪವಾಸ ಮಾಡುವವರು ಒಂದು ಮಾತನ್ನು ನೆನಪಿಡಬೇಕು. ಅಷ್ಟಾಹ್ನಿಕದಲ್ಲಿ ಉಪವಾಸವಿದ್ದೆ, ಮಗನಿಗೆ ಕೆಲಸ ಸಿಗಲಿ. ಅನಂತ ಚತುರ್ದಶಿಯ ನೋಂಪಿ ಮಾಡಿದೆ, ವ್ಯಾಪಾರ ಕುದುರಲಿ ಎಂದು ಬೇಡುವುದು ವ್ರತವನ್ನು ಠೇವಣಿಯಿಟ್ಟು ಬಡ್ಡಿ ಕೇಳಿದಂತೆ. ಅದಕ್ಕೇ ನಿದಾನವೆಂದು ಹೆಸರು. ಹೀಗೆ ಕೇಳಿದವನು ಸ್ವಲ್ಪ ಬಡ್ಡಿಯ ಆಸೆಗೆ ನಿರ್ಜರೆಯೆಂಬ ಅಸಲನ್ನೇ ಕಳೆದುಕೊಳ್ಳುತ್ತಾನೆ. ಇನ್ನು ಕೆಲವರು 'ನಾನು ಇಷ್ಟು ಉಪವಾಸ ಮಾಡಿದೆ' ಎಂದು ಎಣಿಸಿ ಹೇಳುತ್ತಾರೆ. ಅಲ್ಲಿ ಬೆಳೆಯುವುದು ಮಾನಕಷಾಯ ಮಾತ್ರ.

ಶ್ರಾವಕರೇ, ಶ್ರಾವಿಕೆಯರೇ, ವರ್ಷದ ಕೊನೆಗೆ ಅಂಗಡಿಯ ಖಾತೆಯನ್ನು ನೋಡುವಂತೆ ಪ್ರತಿ ಚತುರ್ದಶಿಯ ಸಂಜೆ ಸಾಮಾಯಿಕಕ್ಕೆ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳೋಣ. ಈ ಪಕ್ಷದಲ್ಲಿ ನನ್ನಲ್ಲಿ ವೃದ್ಧಿಯಾದದ್ದು ಯಾವುದು? ನಾನೇ ಹಾಕಿದ ಯಾವ ಎಲ್ಲೆಯನ್ನು ಯಾರ ಹೆಸರಿನಲ್ಲಿ ದಾಟಿದೆ? ಉತ್ತರ ಕಹಿಯಾಗಿದ್ದರೂ ಅಂಜಬೇಕಿಲ್ಲ. ಲೆಕ್ಕ ತಪ್ಪಿದೆಯೆಂದು ತಿಳಿದವನು ತಿದ್ದಿಕೊಳ್ಳಬಲ್ಲನು. ಗುರುಗಳ ಹರಕೆಯಲ್ಲಿರುವ ವೃದ್ಧಿಯು ನಮ್ಮಲ್ಲಿ ಆರಂಭವಾಗುವುದು ಅಲ್ಲಿಂದಲೇ.

ಭದ್ರಂ ಭೂಯಾತ್.