ಇಂದಿನ ಚಿಂತನೆ: ಓದು ಬಲ್ಲ ಕತ್ತೆ



ಜಾರ್ಜ್ ಆರ್ವೆಲ್ ಅವರ ‘ಅನಿಮಲ್ ಫಾರ್ಮ್’ ಕಾದಂಬರಿ ಬಂದದ್ದು 1945ರಲ್ಲಿ. ಯಜಮಾನನನ್ನು ಓಡಿಸಿದ ಪ್ರಾಣಿಗಳು ತೋಟವನ್ನು ತಾವೇ ನಡೆಸಲು ಹೊರಟು, ಕೊಟ್ಟಿಗೆಯ ಗೋಡೆಯ ಮೇಲೆ ಏಳು ನಿಯಮ ಬರೆಯುತ್ತವೆ. ಕೊನೆಯದು ಸಮಾನತೆಯ ನಿಯಮ. ರಷ್ಯಾದ 1917ರ ಕ್ರಾಂತಿ ಸ್ಟಾಲಿನ್ ಕೈಯಲ್ಲಿ ಏನಾಯಿತು ಎಂಬುದನ್ನು ಮನಸ್ಸಿನಲ್ಲಿಟ್ಟು ಬರೆದ ಕಥೆ ಅದು.

ಅಲ್ಲಿ ಆದರ್ಶ ಕೆಟ್ಟದ್ದು ಯಾವಾಗ? ಹಂದಿಗಳ ನಾಯಕ ನೆಪೋಲಿಯನ್ ನಾಯಿಗಳನ್ನು ಛೂ ಬಿಟ್ಟ ದಿನ ಎಂದು ನಮಗೆ ಅನ್ನಿಸುತ್ತದೆ. ಆರ್ವೆಲ್ ಮಾತ್ರ ಒಂದು ಪತ್ರದಲ್ಲಿ, ಹಂದಿಗಳು ಹಾಲನ್ನೂ ಸೇಬನ್ನೂ ತಮಗೇ ಇಟ್ಟುಕೊಂಡದ್ದೇ ತಿರುವು ಎಂದರು. ಹಾಲು ಮಾಯವಾದದ್ದು ಗೆದ್ದ ಮರುದಿನವೇ, ಎಲ್ಲರೂ ಹುಲ್ಲು ಕೊಯ್ಯಲು ಹೋಗಿದ್ದಾಗ!

ಹಂದಿಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಧಿಕಾರ ಸಿಕ್ಕವರು ಹಾಗೆ ಮಾಡುವುದು ಹೊಸದಲ್ಲ. ನನ್ನನ್ನು ಕಾಡುವುದು ಬೆಂಜಮಿನ್ ಎಂಬ ಕತ್ತೆ. ಅದಕ್ಕೆ ಹಂದಿಗಳಷ್ಟೇ ಚೆನ್ನಾಗಿ ಓದಲು ಬರುತ್ತಿತ್ತು. ಓದುವಂಥದ್ದೇನೂ ಇಲ್ಲ ಎಂದು ಸುಮ್ಮನಿತ್ತು. ಇತ್ತ ಗೋಡೆಯ ಮೇಲೆ ಒಂದೆರಡು ಪದ ಗುಟ್ಟಾಗಿ ಸೇರುತ್ತಿದ್ದವು. ಮಂಚದಲ್ಲಿ ಮಲಗಬಾರದೆಂಬ ನಿಯಮ ಬೆಡ್‌ಶೀಟ್ ಹಾಸಿದ ಮಂಚಕ್ಕೆ ಮಾತ್ರ ಎಂದಾಯಿತು. ಕೊಲ್ಲಬಾರದು ಎಂಬುದಕ್ಕೆ, ಕಾರಣವಿಲ್ಲದೆ ಎಂಬ ಬಾಲ ಬಂತು. ಅನುಮಾನಗೊಂಡ ಕ್ಲೋವರ್ ಎಂಬ ಹೆಣ್ಣು ಕುದುರೆ ಓದಿ ಹೇಳೆಂದು ಕೇಳಿದರೆ, ಇಂಥದಕ್ಕೆ ತಲೆಹಾಕುವುದಿಲ್ಲ ಎಂದಿತು ಕತ್ತೆ. ಮೇಕೆ ಓದಿ ಹೇಳಿತು. ಉಳಿದವು ತಮ್ಮ ನೆನಪೇ ತಪ್ಪಿರಬೇಕು ಅಂದುಕೊಂಡವು. ದುಡಿದು ಬಿದ್ದ ಬಾಕ್ಸರ್ ಕುದುರೆಯನ್ನು ಗಾಡಿಗೆ ತುಂಬಿದ ದಿನ ಮಾತ್ರ ಕತ್ತೆ ಆ ಗಾಡಿಯ ಮೇಲಿದ್ದ ಕಸಾಯಿಯ ಹೆಸರನ್ನು ಗಟ್ಟಿಯಾಗಿ ಓದಿತು. ಹೊತ್ತು ಮೀರಿತ್ತು.

ಕತ್ತೆ ಹಾಲು ಕುಡಿಯಲಿಲ್ಲ, ಸುಳ್ಳು ಹೇಳಲಿಲ್ಲ. ಪಂಚಶೀಲದಲ್ಲಿ ಯಾವುದನ್ನು ಮುರಿಯಿತು ಎಂದು ನೀವು ಕೇಳಬಹುದು. ನನಗೆ ಅನ್ನಿಸುವುದು ಇಷ್ಟು: ಅಕ್ಷರ ಬಲ್ಲವರ ಮೌನವನ್ನು ಅಕ್ಷರ ಬಾರದವರ ಮೌನದ ಜೊತೆ ಇಟ್ಟು ತೂಗಲಾಗದು. 1956ರ ಮಾರ್ಚ್ 18ರಂದು ಆಗ್ರಾದಲ್ಲಿ ಬಾಬಾಸಾಹೇಬರು, ಓದಿದವರೇ ಮೋಸ ಮಾಡಿದರೆಂದು ನೊಂದು ನುಡಿದದ್ದು ನಮಗೆಲ್ಲ ಗೊತ್ತು.

ಹಾಗೆಂದು ಎಲ್ಲವನ್ನೂ ಕತ್ತೆಯ ಮೇಲೆ ಹೇರಿದರೆ ಆಗದು (ಕತ್ತೆಗೆ ಹೊರಿಸುವುದು ನಮ್ಮ ಹಳೆಯ ಅಭ್ಯಾಸ). ಅಲ್ಲಿ ನಿಯಮ ಗೋಡೆಯ ಮೇಲಿತ್ತು, ನಾಲಿಗೆಯ ಮೇಲಿರಲಿಲ್ಲ. ಭಿಕ್ಖು ಸಂಘದಲ್ಲಿ ಹದಿನೈದು ದಿನಕ್ಕೊಮ್ಮೆ, ಉಪೋಸಥದಂದು, ಪಾತಿಮೊಕ್ಖವನ್ನು ಎಲ್ಲರ ಮುಂದೆ ಬಾಯಿಪಾಠವಾಗಿ ಹೇಳುತ್ತಿದ್ದರು. ಒಂದು ಪದ ಹೆಚ್ಚಾದರೂ ಕೇಳುವ ಕಿವಿಗಳಿಗೆ ತಿಳಿಯುತ್ತಿತ್ತು. ವರ್ಷಾವಾಸ ಮುಗಿದಾಗ ಪವಾರಣೆ. ತನ್ನಲ್ಲಿ ತಪ್ಪು ಕಂಡಿದ್ದರೆ, ಕೇಳಿದ್ದರೆ, ಬರೀ ಅನುಮಾನವಿದ್ದರೂ ಹೇಳಿ ಎಂದು ಪ್ರತಿಯೊಬ್ಬ ಭಿಕ್ಖುವೂ ಉಳಿದವರನ್ನು ಕೇಳಿಕೊಳ್ಳಬೇಕು. ಒಮ್ಮೆ ಸ್ವತಃ ಭಗವಾನ್ ಬುದ್ಧರೇ, ತಮ್ಮ ನಡೆನುಡಿಯಲ್ಲಿ ಆಕ್ಷೇಪಿಸುವಂಥದ್ದು ಏನಾದರೂ ಇದೆಯೇ ಎಂದು ಸಂಘವನ್ನು ಕೇಳಿದ ಪ್ರಸಂಗ ಸಂಯುತ್ತ ನಿಕಾಯದಲ್ಲಿದೆ. ನೆಪೋಲಿಯನ್ ಹಾಗೆ ಕೇಳುವುದನ್ನು ಊಹಿಸಿ ನೋಡಿ!

ನಮ್ಮ ಎಷ್ಟೋ ಸಂಘಗಳಲ್ಲಿ ಬೈಲಾ ಯಾರ ಮನೆಯ ಬೀರುವಿನಲ್ಲಿದೆ ಎಂದೇ ಸದಸ್ಯರಿಗೆ ತಿಳಿಯದು. ವರ್ಷದ ಲೆಕ್ಕ ಓದುವ ಹೊತ್ತಿಗೆ ಅರ್ಧ ಜನ ಊಟಕ್ಕೆ ಎದ್ದಿರುತ್ತಾರೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು 22 ಪ್ರತಿಜ್ಞೆಗಳನ್ನು ಲಕ್ಷಾಂತರ ಜನರ ಬಾಯಿಂದಲೇ ಹೇಳಿಸಿದರು. ಈ ಭಾನುವಾರದ ಸಭೆಯಲ್ಲಿ ಅವನ್ನು ಯಾವಾಗಲೂ ಓದುವವರೇ ಓದುವುದು ಬೇಡ. ಹಿಂದಿನ ಸಾಲಿನಲ್ಲಿ ಕೂರುವ ಅಕ್ಕಂದಿರು ಒಬ್ಬೊಬ್ಬರಾಗಿ ಹೇಳಲಿ, ಪುಸ್ತಕ ಮುಚ್ಚಿಟ್ಟು.